ಹಳೆಯ ಕೊಲೆ, ಹೊಸ ಕೊಲೆ: ಪತ್ತೇದಾರಿ ಕಥನದ ಎರಡು ಕಾಲಗಳು

ಪತ್ತೇದಾರಿ ಕಾದಂಬರಿಯನ್ನು ಸಾಹಿತ್ಯವಿಮರ್ಶೆಯ ಹೊಸ್ತಿಲಿನ ಹೊರಗೆ ನಿಲ್ಲಿಸುವ ರೂಢಿ ನಮ್ಮಲ್ಲಿ ಬಹುಕಾಲದಿಂದ ಬೆಳೆದುಬಂದಿದೆ. ಕನ್ನಡದಲ್ಲಿ ಎನ್. ನರಸಿಂಹಯ್ಯನವರು ಐನೂರಕ್ಕೂ ಹೆಚ್ಚು ಕಾದಂಬರಿಗಳನ್ನೂ ಮರಾಠಿಯಲ್ಲಿ ಬಾಬೂರಾವ ಅರ್ನಾಳಕರರು ಸಾವಿರಕ್ಕೂ ಹೆಚ್ಚು ರಹಸ್ಯಕಥೆಗಳನ್ನೂ ಬರೆದು ಓದುಗರ ದೊಡ್ಡ ಸಮುದಾಯವನ್ನೇ ಕಟ್ಟಿದರು. ಸಾಹಿತ್ಯ ಚರಿತ್ರೆಯ ಗ್ರಂಥಗಳಲ್ಲಿ ಇಬ್ಬರಿಗೂ ದೊರೆತ ಸ್ಥಳ ಮಾತ್ರ ಅತ್ಯಲ್ಪ. ಎರಡೂ ಭಾಷೆಗಳಲ್ಲಿ ಶಾಲೆ ಕಲಿತ ನಮ್ಮ ಗಡಿಭಾಗದ ತಲೆಮಾರು ಇಬ್ಬರನ್ನೂ ಪಠ್ಯಪುಸ್ತಕದ ನಡುವೆ ಮರೆಮಾಡಿ ಓದಿತು ಎಂಬುದನ್ನು ಮುಚ್ಚಿಡಬೇಕಾದ ಕಾರಣವಿಲ್ಲ. ಆದರೆ ಅವರ ಪರವಾಗಿ ವಕಾಲತ್ತು ವಹಿಸುವುದು ಈ ಲೇಖನದ ಉದ್ದೇಶವಲ್ಲ. ಹಿಂದೆಂದೋ ನಡೆದುಹೋದ ಕೊಲೆಯೊಂದು ಇಂದಿನ ಕೊಲೆಯಲ್ಲಿ ಮತ್ತೆ ತಲೆಯೆತ್ತುವ ಕಥೆಗಳು ಪತ್ತೇದಾರಿ ಸಾಹಿತ್ಯದ ಒಂದು ವಿಶಿಷ್ಟ ಬಗೆ. ಆ ಬಗೆಯ ಕಥನತಂತ್ರವನ್ನು ಕೊಂಚ ನಿಧಾನವಾಗಿ ಪರಿಶೀಲಿಸಿದರೆ, ಐಚ್ಛಿಕ ಕನ್ನಡದ ವಿದ್ಯಾರ್ಥಿಗಳಿಗೆ ಚಿರಪರಿಚಿತವಾದ ಕಾವ್ಯವೊಂದು ಬೇರೆಯೇ ಬೆಳಕಿನಲ್ಲಿ ಕಾಣುತ್ತದೆ.

ಮೊದಲು ಪದದ ಮಾತು. ಮರಾಠಿಯವರು ಪತ್ತೇದಾರನನ್ನು ‘ಗುಪ್ತಹೇರ’ ಎನ್ನುತ್ತಾರೆ. ‘ಹೇರ’ ಎಂದರೆ ಗೂಢಚಾರ. ಅವನು ತನ್ನನ್ನು ಮರೆಸಿಕೊಂಡವನು. ಕನ್ನಡದ ‘ಪತ್ತೇದಾರ’ ಹಾಗಲ್ಲ. ಈ ‘ಪತ್ತೆ’ಯ ಜೊತೆಗಾರ ಪದವಾದ ಮರಾಠಿಯ ‘ಪತ್ತಾ’ಕ್ಕೆ ಸುಳಿವು ಎಂಬ ಅರ್ಥವೂ ಇದೆ, ವಿಳಾಸ ಎಂಬ ಅರ್ಥವೂ ಇದೆ, ‘ದಾರ’ ಪಾರಸಿಯಿಂದ ಬಂದ ಪ್ರತ್ಯಯ. ಕಳೆದುಹೋದುದರ ವಿಳಾಸವನ್ನು ಹುಡುಕಿಕೊಡುವವನೇ ಪತ್ತೇದಾರ. ನಾವು ಚರ್ಚಿಸಲಿರುವ ಕಥೆಗಳಿಗೆ ಕನ್ನಡದ ಪದವೇ ಹೆಚ್ಚು ಒಪ್ಪುತ್ತದೆ; ಏಕೆಂದರೆ ಅಲ್ಲಿ ಕಳೆದುಹೋಗಿರುವುದು ಒಂದು ಕಾಲ.

ಬಲ್ಗೇರಿಯಾದಲ್ಲಿ ಹುಟ್ಟಿ ಫ್ರಾನ್ಸಿನಲ್ಲಿ ನೆಲೆಸಿದ ವಿಮರ್ಶಕ ತ್ಸ್ವೆತಾನ್ ತೊದೊರೊವ್ 1966ರ ತನ್ನ ಪ್ರಬಂಧದಲ್ಲಿ ಪತ್ತೇದಾರಿ ಕಾದಂಬರಿಯೊಂದರಲ್ಲಿ ಎರಡು ಕಥೆಗಳಿರುತ್ತವೆ ಎಂದು ತೋರಿಸಿದ. ಒಂದು ಅಪರಾಧದ ಕಥೆ, ಇನ್ನೊಂದು ತನಿಖೆಯ ಕಥೆ. ಮೊದಲನೆಯದು ಪುಸ್ತಕ ಆರಂಭವಾಗುವ ಮೊದಲೇ ಮುಗಿದಿರುತ್ತದೆ. ಎರಡನೆಯದು ನಮ್ಮ ಕಣ್ಣೆದುರು ನಡೆದು ಮೊದಲನೆಯದನ್ನು ಬಯಲಿಗೆ ತರುತ್ತದೆ. ಎರಡು ಕೊಲೆಗಳ ಕಾದಂಬರಿಯಲ್ಲಿ ಇದು ಇನ್ನಷ್ಟು ಜಟಿಲವಾಗುತ್ತದೆ. ಇಂದಿನ ಕೊಲೆಯ ಕಥೆಯ ಹಿಂದೆ ಅದಕ್ಕೂ ಹಿಂದಿನ ಇನ್ನೊಂದು ಕಥೆ ಹೂತುಹೋಗಿರುತ್ತದೆ. ಇವೆರಡರ ನಡುವಣ ಸಂಬಂಧ ಹೆಚ್ಚಾಗಿ ಎರಡು ವಿಧ: ಹಳೆಯ ಕೊಲೆಗೆ ಸೇಡು ತೀರಿಸಲು ಹೊಸ ಕೊಲೆ ನಡೆಯಬಹುದು, ಇಲ್ಲವೆ ಹಳೆಯ ಕೊಲೆಯನ್ನು ಮುಚ್ಚಿಹಾಕಲು ನಡೆಯಬಹುದು. ಮೊದಲನೆಯ ವಿಧದಲ್ಲಿ ನಮ್ಮ ಸಹಾನುಭೂತಿ ಕೊಲೆಗಾರನ ಕಡೆಗೆ ವಾಲುತ್ತದೆ, ಎರಡನೆಯದರಲ್ಲಿ ಭಯ ಇಮ್ಮಡಿಯಾಗುತ್ತದೆ.

ಸೇಡಿನ ಕಥೆಗೆ ಒಳ್ಳೆಯ ನಿದರ್ಶನ ಆರ್ಥರ್ ಕೊನನ್ ಡಾಯ್ಲ್‌ನ ‘ಎ ಸ್ಟಡಿ ಇನ್ ಸ್ಕಾರ್ಲೆಟ್’. 1887ರಲ್ಲಿ ಪ್ರಕಟವಾದ ಈ ಕಾದಂಬರಿಯಲ್ಲಿಯೇ ಷೆರ್ಲಾಕ್ ಹೋಮ್ಸ್ ಮೊದಲ ಬಾರಿಗೆ ಕಾಣಿಸಿಕೊಂಡ. ಲಂಡನ್ನಿನ ಪಾಳುಮನೆಯೊಂದರಲ್ಲಿ ಡ್ರೆಬರ್ ಎಂಬ ಅಮೆರಿಕನ್ನನ ಶವ ಬಿದ್ದಿದೆ. ಮೈಮೇಲೆ ಗಾಯವಿಲ್ಲ. ಗೋಡೆಯ ಮೇಲೆ ರಕ್ತದಿಂದ ‘ರಾಖೆ’ ಎಂದು ಬರೆದಿದೆ. ಯಾರೋ ರೇಚಲ್ ಎಂಬ ಹೆಣ್ಣಿನ ಹೆಸರು ಅರ್ಧಕ್ಕೆ ನಿಂತಿದೆ ಎಂದು ಪೊಲೀಸರು ಭಾವಿಸುತ್ತಾರೆ. ಅದು ಸೇಡು ಎಂಬರ್ಥದ ಜರ್ಮನ್ ಪದವೆಂದು ಹೋಮ್ಸ್ ಹೇಳುತ್ತಾನೆ. ಶವವನ್ನು ಎತ್ತುವಾಗ ಹೆಣ್ಣಿನ ಮದುವೆಯ ಉಂಗುರವೊಂದು ಕೆಳಗೆ ಉರುಳುತ್ತದೆ.

ಇಡೀ ಕಾದಂಬರಿಯ ಕೀಲು ಈ ಉಂಗುರದಲ್ಲಿದೆ. ಪೊಲೀಸ್ ಅಧಿಕಾರಿಯೂ ಅಮೆರಿಕದ ಕ್ಲೀವ್‌ಲ್ಯಾಂಡಿಗೆ ತಂತಿ ಕಳಿಸಿದ್ದಾನೆ, ಹೋಮ್ಸನೂ ಕಳಿಸಿದ್ದಾನೆ. ವ್ಯತ್ಯಾಸವಿರುವುದು ಕೇಳಿದ ಪ್ರಶ್ನೆಯಲ್ಲಿ. ಹೋಮ್ಸ್ ಡ್ರೆಬರನ ಮದುವೆಯ ಸಂಗತಿಯೊಂದನ್ನೇ ವಿಚಾರಿಸುತ್ತಾನೆ. ಹಳೆಯ ಪ್ರತಿಸ್ಪರ್ಧಿಯಾದ ಜೆಫರ್ಸನ್ ಹೋಪ್ ಎಂಬವನಿಂದ ರಕ್ಷಣೆ ಬೇಕೆಂದು ಡ್ರೆಬರ್ ಮೊದಲೇ ಮೊರೆಹೊಕ್ಕಿದ್ದನೆಂಬ ಉತ್ತರ ಬರುತ್ತದೆ. ಒಂದು ತಂತಿ ಸಾಗರವನ್ನೂ ಇಪ್ಪತ್ತು ವರ್ಷಗಳನ್ನೂ ದಾಟಿಬಿಟ್ಟಿತು. ಸಂಶೋಧನ ಪ್ರಬಂಧ ಬರೆಯುವ ವಿದ್ಯಾರ್ಥಿಗಳಿಗೆ ಈ ಪ್ರಸಂಗವನ್ನು ನಾನು ಆಗಾಗ ಹೇಳುವುದುಂಟು: ಆಕರ ಇಬ್ಬರಿಗೂ ಒಂದೇ ಆಗಿತ್ತು.

ಹೋಪ್ ಲಂಡನ್ನಿನಲ್ಲಿ ಬಾಡಿಗೆ ಕುದುರೆಗಾಡಿ ಹೊಡೆಯುವವನು. ಅವನು ಪ್ರೀತಿಸಿದ ಲೂಸಿಯ ಸಾಕುತಂದೆಯನ್ನು ಹಿಂದೆ ಯೂಟಾದಲ್ಲಿ ಕೊಲ್ಲಲಾಗಿತ್ತು. ಬಲವಂತದ ಮದುವೆಗೆ ಒಳಗಾದ ಲೂಸಿ ಒಂದು ತಿಂಗಳೊಳಗೆ ಕೊರಗಿ ಸತ್ತಳು. ಶವದ ಬೆರಳಿನಿಂದ ಉಂಗುರವನ್ನು ಕಳಚಿಕೊಂಡು ಹೋದ ಹೋಪ್ ಅಪರಾಧಿಗಳಿಬ್ಬರನ್ನು ದೇಶದಿಂದ ದೇಶಕ್ಕೆ ಬೆನ್ನಟ್ಟುತ್ತಾನೆ. ಅವನು ಕೊಲ್ಲುವ ರೀತಿಯೂ ವಿಚಿತ್ರ. ಎರಡು ಗುಳಿಗೆಗಳಲ್ಲಿ ಒಂದರಲ್ಲಿ ವಿಷವಿದೆ. ಎದುರಾಳಿ ಒಂದನ್ನು ಆರಿಸಿಕೊಳ್ಳಲಿ, ಉಳಿದದ್ದನ್ನು ತಾನು ನುಂಗುತ್ತೇನೆ ಎನ್ನುತ್ತಾನೆ. ಯಾವ ನ್ಯಾಯಾಲಯವೂ ಕೇಳದ ಮೊಕದ್ದಮೆಯನ್ನು ಅವನು ದೈವದ ಮುಂದಿಡುತ್ತಿದ್ದಾನೆ. ಇದನ್ನು ಓದಿದ ಮೇಲೆ ಡ್ರೆಬರನಿಗಾಗಿ ಮರುಗುವ ಓದುಗ ಅಪರೂಪ. ಹೋಪ್‌ನ ವಿಚಾರಣೆಯೂ ನಡೆಯುವುದಿಲ್ಲ. ಅದಕ್ಕೆ ಮೊದಲೇ ಅವನು ಎದೆಯ ರಕ್ತನಾಳದ ಬೇನೆಯಿಂದ ಸಾಯುತ್ತಾನೆ.

ಆದರೂ ಕಾದಂಬರಿಯ ಕಟ್ಟಡದಲ್ಲಿ ದೊಡ್ಡ ಬಿರುಕಿದೆ. ಮೊದಲ ಭಾಗವನ್ನು ವಾಟ್ಸನ್ ಹೇಳುತ್ತಾನೆ. ಕೊಲೆಗಾರನ ಕೈಗೆ ಬೇಡಿ ಬಿದ್ದ ಕೂಡಲೆ ಕಥೆ ಹಠಾತ್ತನೆ ಅಮೆರಿಕದ ಮರುಭೂಮಿಗೆ ಜಿಗಿಯುತ್ತದೆ. ಐದು ಅಧ್ಯಾಯಗಳವರೆಗೆ ಹೋಮ್ಸನೂ ಇಲ್ಲ, ವಾಟ್ಸನನೂ ಇಲ್ಲ. ಹೇಳುತ್ತಿರುವವರು ಯಾರೆಂಬುದು ತಿಳಿಯುವುದಿಲ್ಲ. ಅಲ್ಲಿನ ಮಾರ್ಮನ್ ಪಂಥದವರ ಚಿತ್ರಣವೂ ಏಕಪಕ್ಷೀಯವೆಂಬ ಆಕ್ಷೇಪಕ್ಕೆ ಗುರಿಯಾಗಿದೆ. ಹಳೆಯ ಕಾಲವನ್ನು ಹೊಸ ಕಾಲದೊಳಗೆ ಹೆಣೆಯುವ ಉಪಾಯ ಡಾಯ್ಲ್‌ಗೆ ಇನ್ನೂ ದೊರೆತಿರಲಿಲ್ಲ. ಎರಡನ್ನೂ ಪಕ್ಕಪಕ್ಕದಲ್ಲಿ ಇಟ್ಟುಬಿಟ್ಟ.

ಆ ಹೆಣಿಗೆ ಚೆನ್ನಾಗಿ ಸಿದ್ಧಿಸಿದ್ದು ಅಗಾಥಾ ಕ್ರಿಸ್ಟಿಗೆ. 1934ರ ‘ಮರ್ಡರ್ ಆನ್ ದಿ ಓರಿಯಂಟ್ ಎಕ್ಸ್‌ಪ್ರೆಸ್’ನಲ್ಲಿ ಸುಟ್ಟ ಕಾಗದದ ಚೂರಿನ ಮೇಲೆ ಉಳಿದ ಒಂದು ಮಗುವಿನ ಹೆಸರೇ ಹಳೆಯ ಅಪರಾಧಕ್ಕೆ ದಾರಿ ತೋರಿಸುತ್ತದೆ. ಆದರೆ ನನ್ನ ದೃಷ್ಟಿಯಲ್ಲಿ ಇದಕ್ಕಿಂತ ಸೂಕ್ಷ್ಮವಾದದ್ದು ‘ಸ್ಲೀಪಿಂಗ್ ಮರ್ಡರ್’. ಎರಡನೆಯ ಮಹಾಯುದ್ಧದ ಕಾಲದಲ್ಲಿ ಬರೆದಿಟ್ಟ ಈ ಕಾದಂಬರಿ ಪ್ರಕಟವಾದುದು 1976ರಲ್ಲಿ, ಲೇಖಕಿಯ ಮರಣಾನಂತರ. ಗ್ವೆಂಡಾ ಎಂಬ ನವವಿವಾಹಿತೆ ನ್ಯೂಜಿಲೆಂಡಿನಿಂದ ಇಂಗ್ಲೆಂಡಿಗೆ ಬಂದು ಮನೆಯೊಂದನ್ನು ಕೊಳ್ಳುತ್ತಾಳೆ. ಇಲ್ಲೊಂದು ಬಾಗಿಲಿರಬೇಕಿತ್ತು ಎನಿಸುತ್ತದೆ. ಗೋಡೆಯನ್ನು ಪರೀಕ್ಷಿಸಿದರೆ ಮುಚ್ಚಿದ ಬಾಗಿಲು ಸಿಗುತ್ತದೆ. ಗೋಡೆಗೆ ಇಂಥದೇ ಹೂವಿನ ಕಾಗದ ಅಂಟಿಸಬೇಕು ಎಂದುಕೊಳ್ಳುತ್ತಾಳೆ. ಬೀಗ ಹಾಕಿದ ಕಪಾಟಿನೊಳಗೆ ಅದೇ ಕಾಗದ ಅಂಟಿಕೊಂಡಿದೆ. ಎಳೆಯ ಮಗುವಾಗಿದ್ದಾಗ ಅವಳು ಅದೇ ಮನೆಯಲ್ಲಿದ್ದಳು, ಅಲ್ಲಿ ನಡೆದ ಕೊಲೆಯನ್ನು ಕಂಡಿದ್ದಳು. ಹೆಲೆನ್ ಎಂಬ ಹೆಣ್ಣು ಯಾರೊಡನೆಯೋ ಓಡಿಹೋದಳೆಂದು ಲೋಕ ನಂಬಿತ್ತು.

ಇಲ್ಲಿ ಸುಳಿವು ಉಂಗುರವಲ್ಲ, ತಂತಿಯಲ್ಲ, ನೆನಪೇ ಸುಳಿವು. ಮಲಗಿರುವ ಕೊಲೆಯನ್ನು ಎಬ್ಬಿಸಬೇಡಿರೆಂದು ವೃದ್ಧೆ ಮಿಸ್ ಮಾರ್ಪಲ್ ಎಚ್ಚರಿಸುತ್ತಾಳೆ. ದಂಪತಿಗಳು ಕೇಳುವುದಿಲ್ಲ. ಅವರು ಕೊಟ್ಟ ಪತ್ರಿಕಾ ಜಾಹೀರಾತನ್ನು ಕಂಡು, ಹಿಂದೆ ಆ ಮನೆಯಲ್ಲಿ ಕೆಲಸಕ್ಕಿದ್ದ ಲಿಲಿ ತನಗೆ ತಿಳಿದುದನ್ನು ಹೇಳಲು ಹೊರಡುತ್ತಾಳೆ. ದಾರಿಯಲ್ಲಿಯೇ ಅವಳ ಕತ್ತು ಹಿಸುಕಿ ಕೊಲ್ಲಲಾಗುತ್ತದೆ. ತನಿಖೆಯೇ ಹೊಸ ಕೊಲೆಗೆ ನಿಮಿತ್ತವಾಯಿತು! ಸತ್ಯವನ್ನು ಹುಡುಕುವ ಹಕ್ಕಿಗೆ ಯಾರು ಬೆಲೆ ತೆರಬೇಕು ಎಂಬ ಪ್ರಶ್ನೆಯನ್ನು ಕ್ರಿಸ್ಟಿ ಗದ್ದಲವಿಲ್ಲದೆ ಎತ್ತುತ್ತಾಳೆ. ಬೆಲೆ ತೆತ್ತವಳು ಕೆಲಸದಾಕೆ ಎಂಬುದನ್ನು ನಾವು ಗಮನಿಸಬೇಕು. ಕೊಲೆಗಾರನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಓದದವರ ಸುಖವನ್ನು ಕಿತ್ತುಕೊಳ್ಳುವ ಅಧಿಕಾರ ಅಧ್ಯಾಪಕನಿಗೂ ಇಲ್ಲ.

ಇವೆಲ್ಲಕ್ಕೂ ಪೂರ್ವಜನೆನ್ನಬಹುದಾದ ಸೊಫೊಕ್ಲಿಸ್‌ನ ಈಡಿಪಸ್ ನಾಟಕವನ್ನು ಪಿ. ಲಂಕೇಶರು ಕನ್ನಡಕ್ಕೆ ತಂದಿದ್ದಾರೆ. ಅಲ್ಲಿ ಹಳೆಯ ಕೊಲೆಗೆ ಇಂದಿನ ಫಲ ಮಹಾಮಾರಿ. ತನಿಖೆ ನಡೆಸುವ ದೊರೆಯೇ ಕೊಲೆಗಾರ. ಅದರ ವಿವರ ನಾಟಕದ ತರಗತಿಗೆ ಇರಲಿ.

ಇನ್ನು ನಮ್ಮ ಪರಂಪರೆಗೆ ಬರೋಣ. ಮುಂದೆ ಸಾಗುವ ಕಥೆಯಲ್ಲಿ ಹಿಂದಿನದನ್ನು ತಿರುಗಿ ನೋಡುವ ಕ್ರಮಕ್ಕೆ ಸಿಂಹಾವಲೋಕನ ಎಂಬ ಸೊಗಸಾದ ಹೆಸರು ನಮ್ಮಲ್ಲಿದೆ. ರನ್ನನ ಗದಾಯುದ್ಧ ಅದಕ್ಕೆ ಪ್ರಸಿದ್ಧ ಮಾದರಿ. ಆದರೆ ಹಳೆಯ ಕೊಲೆ ಮತ್ತು ಹೊಸ ಕೊಲೆಗಳ ಸಂಬಂಧವನ್ನೇ ಬೆನ್ನೆಲುಬಾಗಿ ಉಳ್ಳ ಕಾವ್ಯ ಜನ್ನನ ‘ಯಶೋಧರ ಚರಿತೆ’, ಕಾಲ 1209. ಅದು ಪತ್ತೇದಾರಿ ಕಾವ್ಯವೆಂದು ನಾನು ಹೇಳುತ್ತಿಲ್ಲ. ಅದರ ಕಟ್ಟಡವನ್ನು ನೋಡಿರಿ. ಕಾವ್ಯ ತೆರೆದುಕೊಳ್ಳುವುದು ನಡೆಯಲಿರುವ ಕೊಲೆಯೊಂದರ ಎದುರು: ಮಾರಿದತ್ತ ರಾಜ ಚಂಡಮಾರಿಗೆ ಬಲಿ ಕೊಡಲು ಅಭಯರುಚಿ, ಅಭಯಮತಿಯರೆಂಬ ಎಳೆಯ ಅಣ್ಣತಂಗಿಯರನ್ನು ತರಿಸಿದ್ದಾನೆ. ಅವರ ನಿರ್ಭಯತೆಯನ್ನು ಕಂಡು ಬೆರಗಾಗಿ ನೀವು ಯಾರೆಂದು ಕೇಳುತ್ತಾನೆ. ಅಲ್ಲಿಂದ ಸಿಂಹಾವಲೋಕನ. ಯಶೋಧರ ಹಿಟ್ಟಿನ ಕೋಳಿಯನ್ನು ಕತ್ತರಿಸಿದ್ದು, ಅದು ಕೂಗಿದ್ದು, ಅಮೃತಮತಿ ಗಂಡನಿಗೂ ಅತ್ತೆಗೂ ವಿಷವಿಟ್ಟದ್ದು, ಆ ಇಬ್ಬರು ಪ್ರಾಣಿಜನ್ಮಗಳಲ್ಲಿ ಮತ್ತೆ ಮತ್ತೆ ಸತ್ತದ್ದು, ಕಡೆಗೆ ಈ ಮಕ್ಕಳಾಗಿ ಹುಟ್ಟಿದ್ದು.

ಹೋಮ್ಸನಂಥವನು ಏಕೆ ಬೇಕು? ಸತ್ತವರು ಬಂದು ಸಾಕ್ಷಿ ನುಡಿಯಲಾರರು. ಅವರ ಬದಲಿಗೆ ಉಂಗುರ, ಸುಟ್ಟ ಕಾಗದ, ಮುಚ್ಚಿದ ಬಾಗಿಲು ಮಾತನಾಡಬೇಕು. ಆ ಮಾತನ್ನು ಅನುವಾದಿಸಲು ಒಬ್ಬ ಬೇಕು. ಜನ್ನನಲ್ಲಿ ಜನ್ಮಾಂತರದ ನಂಬಿಕೆಯಿಂದಾಗಿ ಕೊಲೆಯಾದವನೇ ತನ್ನ ಕೊಲೆಯ ಕಥೆಯನ್ನು ಹೇಳುತ್ತಾನೆ. ಅಲ್ಲಿ ಪತ್ತೇದಾರನಿಗೆ ಕೆಲಸವೇ ಇಲ್ಲ. ಇನ್ನೊಂದು ವ್ಯತ್ಯಾಸ ಇದಕ್ಕಿಂತ ಮುಖ್ಯ. ಡಾಯ್ಲ್‌ನ ಕಾದಂಬರಿಯಲ್ಲಿ ಹಳೆಯ ಕಥೆ ಹೊರಬರುವಷ್ಟರಲ್ಲಿ ಹೊಸ ಶವಗಳು ಬಿದ್ದಾಗಿರುತ್ತವೆ. ಕಥೆ ಬರಿಯ ವಿವರಣೆ. ಯಶೋಧರ ಚರಿತೆಯಲ್ಲಿ ಕತ್ತಿ ಇನ್ನೂ ಎತ್ತಿದಂತೆಯೇ ಇರುವಾಗ ಕಥೆ ನಡೆಯುತ್ತದೆ. ಕೇಳಿ ಮುಗಿಸಿದ ಮಾರಿದತ್ತ ಬಲಿಯನ್ನು ಕೈಬಿಡುತ್ತಾನೆ. ಆದರೆ ವಿಷವಿಟ್ಟ ಅಮೃತಮತಿಯನ್ನು ಕಾವ್ಯದ ಯಾವ ಆಸ್ಥಾನವೂ ವಿಚಾರಣೆಗೆ ಕರೆಯುವುದಿಲ್ಲ. ಅವಳ ಪಾಡನ್ನು ಜನ್ನ ಕರ್ಮಕ್ಕೆ ಒಪ್ಪಿಸಿದ್ದಾನೆ.