ಗ್ರಿಲ್ಲಿನ ಪುದೀನ: ಒಂದೆಲೆಯೂ ಹಾಳಾಗದ ಹಾಗೆ

ಠಾಣೆಯ ವಾಗ್ಳೆ ಎಸ್ಟೇಟ್ ಅಂದರೆ ಎಲ್ಲರಿಗೂ ನೆನಪಾಗುವುದು ಕಾರ್ಖಾನೆಗಳು. 1962ರಲ್ಲಿ ಶುರುವಾದ ಮಹಾರಾಷ್ಟ್ರ ಕೈಗಾರಿಕಾ ಅಭಿವೃದ್ಧಿ ನಿಗಮದ ಮೊದಲ ಕೈಗಾರಿಕಾ ಪ್ರದೇಶ ಇದು. ಅದರ ಆಸುಪಾಸಿನ ಕಿಸನ್ ನಗರ, ಇಂದಿರಾ ನಗರಗಳ ಚಾಳುಗಳಲ್ಲಿ ಹಿತ್ತಲು ಎಲ್ಲಿಂದ ಬರಬೇಕು? ಕಿಟಕಿಯ ಕಬ್ಬಿಣದ ಗ್ರಿಲ್ಲೇ ಹಿತ್ತಲು. ಹಳೆಯ ಎಣ್ಣೆ ಡಬ್ಬ, ಒಡೆದ ಬಕೆಟ್ಟು, ಅದರಲ್ಲೊಂದು ತುಳಸಿ ಅಥವಾ ದೊಡ್ಡಪತ್ರೆ, ಪಕ್ಕದಲ್ಲಿ ಪುದೀನ. ನಮ್ಮ ಉರ್ದು ಮನೆಗಳಲ್ಲಿ ಪುದೀನಾ, ಕನ್ನಡ ಮನೆಗಳಲ್ಲಿ ಪುದೀನ, ಮರಾಠಿ ನೆರೆಮನೆಯಲ್ಲೂ ಅದೇ ಹೆಸರು. ಹೀಗೆ ಮೂರು ಭಾಷೆಯಲ್ಲೂ ಒಂದೇ ಹೆಸರಿನಿಂದ ಕರೆಸಿಕೊಳ್ಳುವ ಸೊಪ್ಪು ಕಡಿಮೆ.

ಮನೆಯಲ್ಲೇ ಬೆಳೆಯೋದಕ್ಕೆ ಒಂದು ಗಟ್ಟಿ ಕಾರಣವಿದೆ. ಪುದೀನವನ್ನು ನಾವು ಹೆಚ್ಚಾಗಿ ಹಸಿಯಾಗಿಯೇ ತಿನ್ನುತ್ತೇವೆ. ಮಕ್ಕಳ ಡಬ್ಬಿಯ ಸ್ಯಾಂಡ್‌ವಿಚ್ ಚಟ್ನಿಗೆ ಬೆಂಕಿ ಸೋಕುವುದೇ ಇಲ್ಲ. ಮುಂಬೈ ಸುತ್ತ ರೈಲು ಹಳಿಗಳ ಪಕ್ಕದಲ್ಲಿ ಚರಂಡಿ ನೀರು ಹಾಯಿಸಿ ಸೊಪ್ಪು ಬೆಳೆಯುವ ಸುದ್ದಿ ಪತ್ರಿಕೆಗಳಲ್ಲಿ ಎಷ್ಟೋ ಸಲ ಬಂದಿದೆ. ಬೇಯಿಸುವ ಸೊಪ್ಪಾದರೆ ಅಪಾಯ ಕಡಿಮೆ, ಹಸಿ ಸೊಪ್ಪಿಗೆ ಆ ಕಾವಲಿಲ್ಲ. ಹಾಗಾಗಿ ಗ್ರಿಲ್ಲಿನ ಒಂದು ಡಬ್ಬ ಪುದೀನ ಶೋಕಿಯೇನಲ್ಲ, ಮಕ್ಕಳ ಹೊಟ್ಟೆಯ ವಿಷಯ.

ಆದರೆ ಎಷ್ಟೋ ಮನೆಗಳಲ್ಲಿ ಆಗೋದು ಹೀಗೆ: ಬೇಕಾದಾಗ ನಾಲ್ಕೆಲೆ ಕೀಳ್ತೀವಿ, ಉಳಿದದ್ದು ಬೆಳೀಲಿ ಅಂತ ಬಿಡ್ತೀವಿ. ಗಿಡ ಉದ್ದವಾಗಿ ಜೋತುಬಿದ್ದು ಹೂ ಬಿಡುತ್ತೆ. ಆಮೇಲೆ ಎಲೆ ಸಣ್ಣದಾಗುತ್ತೆ, ರುಚಿ ಒರಟಾಗುತ್ತೆ. ಜೂನ್ ಮಳೆ ಬಂದ ಮೇಲೆ ನೀರು ನಿಂತರೆ ಬೇರೂ ಕೊಳೆಯುತ್ತೆ. ಪುದೀನವನ್ನು ಉಳಿಸುವ ಉಪಾಯ ಅದನ್ನು ಕತ್ತರಿಸುವುದೇ. ಮೊಗ್ಗು ಕಾಣುವ ಮೊದಲೇ, ಬುಡದಲ್ಲಿ ಎರಡು ಮೂರು ಗೆಣ್ಣು ಬಿಟ್ಟು ಮೇಲಿನದನ್ನೆಲ್ಲ ಕತ್ತರಿಸಿ. ಪ್ರತಿ ಗೆಣ್ಣಿನಿಂದ ಎರಡು ಚಿಗುರು ಬರುತ್ತೆ. ಆಗ ಕೈಯಲ್ಲಿ ಒಂದು ದೊಡ್ಡ ಕಟ್ಟು ಉಳಿಯುತ್ತದೆ. ಅದನ್ನೇನು ಮಾಡೋದು?

ಮೊದಲು ಒಂದು ಚಿಕ್ಕ ವಿಜ್ಞಾನ. ಎಲೆಯನ್ನು ಬೆರಳಲ್ಲಿ ಉಜ್ಜಿ ಮೂಸಿ ನೋಡಿ. ಎಲೆಯ ಮೇಲಿನ ಸೂಕ್ಷ್ಮ ಗ್ರಂಥಿಗಳು ಒಡೆದು ಎಣ್ಣೆ ಹೊರಬಂದಾಗ ಆ ಪರಿಮಳ. ನಮ್ಮ ಅಡುಗೆಮನೆಯ ಪುದೀನದಲ್ಲಿ ಮುಖ್ಯವಾಗಿರೋದು ಕಾರ್ವೋನ್. ಬಾಮು, ಪೆಪ್ಪರ್‌ಮಿಂಟಿನ ಮೆಂಥಾಲ್ ಬೇರೆ ಜಾತಿಯ ಪುದೀನದ್ದು. ಕಾಂಡ ಮುಟ್ಟಿದರೆ ಚೌಕ. ತುಳಸಿ, ಕಾಮಕಸ್ತೂರಿ, ದೊಡ್ಡಪತ್ರೆ ಎಲ್ಲವೂ ಇದೇ ಕುಟುಂಬ. ಈ ಎಣ್ಣೆ ಬಿಸಿಗೆ ಬೇಗ ಹಾರಿಹೋಗುತ್ತದೆ. ಆದ್ದರಿಂದ ಕಟ್ಟನ್ನು ಮೂರು ಪಾಲು ಮಾಡಿಕೊಳ್ಳಿ.

ಎಳೆಯ ತುದಿಗಳು ಹಸಿ ಬಳಕೆಗೆ. ಎರಡು ಹಿಡಿ ಪುದೀನ, ಒಂದು ಹಿಡಿ ಕೊತ್ತಂಬರಿ, ಮೂರು ಹಸಿಮೆಣಸಿನಕಾಯಿ, ಚೂರು ಶುಂಠಿ, ಉಪ್ಪು, ಅರ್ಧ ನಿಂಬೆಹಣ್ಣು. ಎಲೆ ಜಜ್ಜಿದಾಗ ಗಾಳಿ ತಾಗಿ ಚಟ್ನಿ ಕಪ್ಪಾಗುತ್ತೆ, ಅದು ಎಲೆಯೊಳಗಿನ ಕಿಣ್ವದ ಕೆಲಸ. ನಿಂಬೆಯ ಹುಳಿ ಆ ಕೆಲಸವನ್ನು ನಿಧಾನ ಮಾಡುತ್ತದೆ. ಮಿಕ್ಸರ್ ಬಿಸಿಯಾಗದಂತೆ ತಣ್ಣೀರು ಹಾಕಿ ರುಬ್ಬಿದರೆ ಹಸಿರು ಇನ್ನಷ್ಟು ಹೊತ್ತು ಉಳಿಯುತ್ತದೆ. ಇದೇ ಚಟ್ನಿಗೆ ಗಟ್ಟಿ ಮೊಸರು ಬೆರೆಸಿದರೆ ಕಬಾಬಿನ ಜೊತೆಗೆ ಆಯಿತು. ನಿಂಬೆ ಶರಬತ್ತಿಗೆ ನಾಲ್ಕೆಲೆ, ನೆನೆಸಿದ ಕಾಮಕಸ್ತೂರಿ ಬೀಜ (ನಮ್ಮಲ್ಲಿ ಸಬ್ಜಾ) ಹಾಕಿದರೆ ಇಫ್ತಾರಿಗೂ ಸೈ, ಮೇ ತಿಂಗಳ ಸೆಕೆಗೂ ಸೈ.

ನಡುವಿನ ಬಲಿತ ಎಲೆಗಳು ಬೆಂಕಿಗೆ. ಕರಾವಳಿ, ಮಲೆನಾಡಿನ ಮನೆಗಳ ತಂಬುಳಿ ಇಲ್ಲಿ ಕೈಹಿಡಿಯುತ್ತದೆ. ಒಂದು ಹಿಡಿ ಎಲೆಯನ್ನು ಅರ್ಧ ಚಮಚ ಜೀರಿಗೆ ಜೊತೆ ತುಪ್ಪದಲ್ಲಿ ಬಾಡಿಸಿ, ಎರಡು ಚಮಚ ಕಾಯಿತುರಿ ಹಾಕಿ ರುಬ್ಬಿ, ಒಂದು ಲೋಟ ಮಜ್ಜಿಗೆಗೆ ಬೆರೆಸಿ. ಪುದೀನ ಭಾತಿಗೆ ರುಬ್ಬಿದ ಮಸಾಲೆಯನ್ನು ಎಣ್ಣೆಯಲ್ಲಿ ಹಸಿ ವಾಸನೆ ಹೋಗುವವರೆಗೆ ಹುರಿದು ಅಕ್ಕಿ ಹಾಕಿ. ಖೀಮಾ ಮಾಡುವವರು ಒಲೆ ಆರಿಸುವ ಎರಡು ನಿಮಿಷ ಮುಂಚೆ ಎಲೆ ಹಾಕಬೇಕು. ಬಿರಿಯಾನಿಗೆ ಅರ್ಧ ಮಸಾಲೆಯಲ್ಲಿ, ಅರ್ಧ ದಮ್ಮಿನ ಪದರದಲ್ಲಿ. ಮುಚ್ಚಳ ಬಿಗಿಯಾಗಿದ್ದರೆ ಪರಿಮಳ ಅನ್ನದಲ್ಲೇ ಉಳಿಯುತ್ತೆ. ಗಟ್ಟಿ ಕಡ್ಡಿಗಳನ್ನು ಎಸೆಯಬೇಡಿ. ಇಲ್ಲಿಯವರು ಗವತಿ ಚಹಾ ಎನ್ನುವ ಮಜ್ಜಿಗೆ ಹುಲ್ಲಿನ ಜೊತೆ ಜಜ್ಜಿ ಚಹಾಕ್ಕೆ ಹಾಕಿ.

ಉಳಿದದ್ದು ಮಳೆಗಾಲದ ದಾಸ್ತಾನು. ತೊಳೆದು, ಬಟ್ಟೆಯ ಮೇಲೆ ನೆರಳಲ್ಲಿ ಎಲೆ ಗರಗರ ಅನ್ನುವವರೆಗೆ ಒಣಗಿಸಿ. ಬಿಸಿಲಿಗೆ ಇಟ್ಟರೆ ಬಣ್ಣ, ವಾಸನೆ ಎರಡೂ ಹೋಗುತ್ತವೆ. ಪುಡಿ ಮಾಡಿ ಗಾಳಿಯಾಡದ ಡಬ್ಬಿಯಲ್ಲಿಟ್ಟರೆ ಮಜ್ಜಿಗೆಗೆ, ರಾಯತಕ್ಕೆ, ಬೇಯಿಸಿದ ಕಡಲೆಗೆ ಬರುತ್ತದೆ. ಫ್ರಿಜ್ ಇದ್ದವರು ಎಲೆಯನ್ನು ಸ್ವಲ್ಪ ನೀರಲ್ಲಿ ರುಬ್ಬಿ ಐಸ್ ಟ್ರೇಯಲ್ಲಿ ಹೆಪ್ಪುಗಟ್ಟಿಸಬಹುದು. ಬೇಕಾದಾಗ ಒಂದು ತುಂಡು ಸಾರಿಗೆ.

ಒಂದು ಎಚ್ಚರಿಕೆ. ಮೂಗು ಕಟ್ಟಿದೆ ಅಂತ ಹಸುಗೂಸಿನ ಮುಖದ ಹತ್ತಿರ ಪುದೀನ ಎಣ್ಣೆ, ಮೆಂಥಾಲ್ ಹಚ್ಚಬೇಡಿ. ಮೆಂಥಾಲ್ ಚರ್ಮದ ತಂಪು ಅರಿಯುವ ನರಗಳನ್ನು ಕೆಣಕುತ್ತದೆ, ಹಾಗಾಗಿ ಮೂಗು ತೆರೆದಂತೆ ಅನಿಸುತ್ತದೆ. ನಿಜಕ್ಕೂ ಉಸಿರಿನ ದಾರಿ ಅಗಲವಾಗಿರುವುದಿಲ್ಲ. ಕೂಸಿಗೆ ಅದರಿಂದ ಉಸಿರಾಟದ ತೊಂದರೆ ಆಗಬಹುದು. ಎದೆಯುರಿ ಇರುವ ದೊಡ್ಡವರಿಗೂ ಹೆಚ್ಚು ಪುದೀನ ಹಿಡಿಸದೆ ಇರಬಹುದು.

ಇಷ್ಟೆಲ್ಲ ಮಾಡಿಯೂ ಉಳಿದರೆ, ನಾಲ್ಕು ಕಡ್ಡಿಗಳ ಕೆಳಗಿನ ಎಲೆ ತೆಗೆದು ಒಂದು ಲೋಟ ನೀರಲ್ಲಿ ನಿಲ್ಲಿಸಿ, ಎರಡು ದಿನಕ್ಕೊಮ್ಮೆ ನೀರು ಬದಲಿಸಿ. ವಾರ ಹತ್ತು ದಿನದಲ್ಲಿ ಬಿಳಿ ಬೇರು ಕಾಣುತ್ತದೆ. ತಳದಲ್ಲಿ ತೂತಿರುವ ಡಬ್ಬದಲ್ಲಿ ನೆಟ್ಟು ಪಕ್ಕದ ಮನೆಯವರಿಗೆ ಕೊಡಿ. ರೂಮು ಮಾಡಿಕೊಂಡಿರುವ ವಿದ್ಯಾರ್ಥಿಗಳಿಗೂ ಅದೊಂದೇ ಡಬ್ಬ ಸಾಕು. ಅರ್ಧ ದಿನದ ಬಿಸಿಲು, ದಿನಕ್ಕೊಂದು ಲೋಟ ನೀರು, ತಿಂಗಳಿಗೊಮ್ಮೆ ಕತ್ತರಿ. ಇಷ್ಟು ಸಿಕ್ಕರೆ ಅವರ ಚಟ್ನಿಗೆ ಸಂತೆಯ ಸೊಪ್ಪು ಬೇಕಾಗುವುದಿಲ್ಲ.