ಹೋಟಗಿಯ ಬಿಸಿಲೂ ತಂಗಿಯ ಮನೆಯ ಫ್ರಿಜ್ಜೂ

ಹೋಟಗಿ ಎಂಬ ಊರಿನ ಹೆಸರನ್ನು ನಮ್ಮ ಕಡೆಯವರಲ್ಲಿ ಹೆಚ್ಚಿನವರು ರೈಲ್ವೆ ವೇಳಾಪಟ್ಟಿಯಲ್ಲಿ ಮಾತ್ರ ಕಂಡಿರಬಹುದು. ಗದಗ, ಬಾಗಲಕೋಟೆ, ವಿಜಯಪುರದ ಕಡೆಯಿಂದ ಬರುವ ಹಳಿ ಮುಂಬೈ-ಚೆನ್ನೈ ಹಾದಿಯನ್ನು ಕೂಡುವ ಜಂಕ್ಷನ್ ಅದು. ಮಹಾರಾಷ್ಟ್ರದ ದಕ್ಷಿಣ ಸೊಲ್ಲಾಪುರ ತಾಲೂಕಿಗೆ ಸೇರಿದೆ. 1956ರಲ್ಲಿ ರಾಜ್ಯಗಳ ಗಡಿ ಎಳೆದಾಗ ನಾವು ಹೇಗೆ ಕೇರಳದಲ್ಲಿ ಉಳಿದೆವೋ ಹಾಗೆಯೇ ಆ ಸೀಮೆಯ ಕನ್ನಡಿಗರು ಆಗಿನ ಮುಂಬೈ ರಾಜ್ಯದಲ್ಲಿ ಉಳಿದರು. 1967ರ ಮಹಾಜನ ವರದಿಯಲ್ಲಿ ಚಂದ್ರಗಿರಿಯ ಉತ್ತರಕ್ಕಿರುವ ನಮ್ಮ ನೆಲದ ಮಾತು ಬಂದಂತೆಯೇ ಅಕ್ಕಲಕೋಟೆಯ ಮತ್ತು ದಕ್ಷಿಣ ಸೊಲ್ಲಾಪುರದ ಹಳ್ಳಿಗಳ ಮಾತೂ ಬಂದಿತ್ತು. ವರದಿ ಕಾಗದದಲ್ಲಿಯೇ ಉಳಿಯಿತು. ಆದರೆ ಈಗ ಹೇಳಹೊರಟಿರುವುದು ಗಡಿಯ ಕತೆಯಲ್ಲ. ಒಂದು ಫ್ರಿಜ್ಜಿನ ಕತೆ.

ನನ್ನ ತಂಗಿಯನ್ನು ಕೊಟ್ಟಿರುವುದು ಹೋಟಗಿಗೆ. ಭಾವನವರು ರೈಲ್ವೆ ನೌಕರರು. ಹೋದ ಬೇಸಿಗೆ ರಜೆಯಲ್ಲಿ ಮಕ್ಕಳೊಡನೆ ಅಲ್ಲಿಗೆ ಹೋಗಿದ್ದೆ. ಏಪ್ರಿಲ್ ತಿಂಗಳ ಕೊನೆ. ಸೊಲ್ಲಾಪುರ ಸೀಮೆಯ ಬಿಸಿಲು ನಮ್ಮ ಕರಾವಳಿಯ ಬೆವರಿನ ಸೆಕೆಯಂಥದ್ದಲ್ಲ. ಗಾಳಿಯೇ ಒಲೆಯ ಬಾಯಿಯಿಂದ ಬಂದಂತಿರುತ್ತದೆ. 42 ಡಿಗ್ರಿ ಅಲ್ಲಿ ದೊಡ್ಡ ಸುದ್ದಿಯೇನಲ್ಲ.

ನಾವು ಹೋದ ಮರುದಿನ ಬೆಳಿಗ್ಗೆ ಹಾಲು ಒಡೆಯಿತು. ಸಂಜೆಗೆ ಮಾಡಿಟ್ಟ ಸಾರು ಹಳಸಿತು. ಹಾಲು, ಸಾರು ಹೋದರೆ ಹೋಗಲಿ, ಅದೇ ಫ್ರಿಜ್ಜಿನಲ್ಲಿ ತಂಗಿಯ ಅತ್ತೆಯವರ ಇನ್ಸುಲಿನ್ ಇತ್ತು. ಎಪ್ಪತ್ತು ದಾಟಿದ ಹಿರಿಯರು. ದಿನಕ್ಕೆ ಎರಡು ಹೊತ್ತು ಸೂಜಿ ಚುಚ್ಚಿಕೊಳ್ಳಬೇಕು. ತೆರೆಯದ ಇನ್ಸುಲಿನ್ ಸೀಸೆಯನ್ನು 2ರಿಂದ 8 ಡಿಗ್ರಿಯ ತಂಪಿನಲ್ಲಿ ಇಡಬೇಕು. ಹೆಚ್ಚು ಬಿಸಿಯಾದರೆ ಅದರ ಸತ್ವ ಹೋಗುತ್ತದೆ. ಸತ್ವ ಹೋದದ್ದು ಕಣ್ಣಿಗೆ ಕಾಣಿಸದೆಯೂ ಇರಬಹುದು. ಹೀಗಾಗಿ ಮನೆಯವರಿಗೆಲ್ಲ ಕಳವಳ ಹತ್ತಿತು.

ಗ್ಯಾಸ್ ಖಾಲಿ ಎಂಬ ಮಾತು

ಹದಿನೈದು ದಿನಗಳ ಹಿಂದೆಯೂ ಇದೇ ತೊಂದರೆ ಬಂದಿತ್ತಂತೆ. ಪೇಟೆಯ ಅಂಗಡಿಯೊಂದರಿಂದ ಬಂದ ರಿಪೇರಿಯವರು ಬಾಗಿಲು ತೆರೆದು ಕೈಯಿಟ್ಟು ನೋಡಿ, "ಗ್ಯಾಸ್ ಹೋಗ್ಯಾದ್ರಿ, ತುಂಬಬೇಕು" ಎಂದರಂತೆ. ಫ್ರಿಜ್ಜನ್ನು ಎಳೆದು ನಡುಮನೆಗೆ ತಂದು, ಗ್ಯಾಸ್ ತುಂಬಿ, 2,500 ರೂಪಾಯಿ ಪಡೆದು ಹೋದರು. ನಾಲ್ಕು ದಿನ ಅದು ನಡುಮನೆಯಲ್ಲೇ ಇದ್ದು ಚೆನ್ನಾಗಿ ನಡೆಯಿತು. ಬಳಿಕ ಮೊದಲಿದ್ದ ಜಾಗಕ್ಕೆ ತಳ್ಳಿದರು. ಒಂದು ವಾರದಲ್ಲಿ ಮತ್ತೆ ಮೊದಲಿನಂತೆಯೇ ಆಯಿತು.

ಈ ಮೊದಲಿದ್ದ ಜಾಗ ಯಾವುದು ಎಂಬುದರಲ್ಲೇ ಕತೆಯ ಗುಟ್ಟಿದೆ. ಎರಡು ವರ್ಷದ ಹಿಂದೆ ಅಡಿಗೆಮನೆಯನ್ನು ಹೊಸದಾಗಿ ಕಟ್ಟಿಸುವಾಗ ಗೋಡೆಯಲ್ಲಿ ಫ್ರಿಜ್ಜಿನ ಅಳತೆಗೆ ಸರಿಯಾಗಿ ಒಂದು ಮಾಡ ಬಿಡಿಸಿ, ಸುತ್ತಲೂ ಪ್ಲೈವುಡ್ ಹೊಡೆಸಿ, ಮೇಲೆ ಕಪಾಟು ಮಾಡಿಸಿದ್ದರು. ಫ್ರಿಜ್ಜು ಒಳಗೆ ಕೂತರೆ ಒಂದು ಬೆರಳು ತೂರಿಸಲೂ ಸಂದಿಲ್ಲ. ನೋಡಲು ಬಹಳ ಲಕ್ಷಣವಾಗಿತ್ತು. ನಮ್ಮ ಕಾಸರಗೋಡು, ಕುಂಬಳೆ ಕಡೆಯ ಹೊಸ ಮನೆಗಳಲ್ಲೂ ಈ ಅಲಂಕಾರ ಈಗ ಸಾಮಾನ್ಯವಾಗಿದೆ.

ನೆರೆಮನೆಯವರ ಮೂಲಕ ಒಬ್ಬ ತರುಣನನ್ನು ಕರೆಸಿದೆವು. ಹಗಲು ಸೊಲ್ಲಾಪುರದ ಒಂದು ಸೇವಾಕೇಂದ್ರದಲ್ಲಿ ಕೆಲಸ, ಮನೆ ಅಕ್ಕಲಕೋಟೆ ರಸ್ತೆಯ ಹಳ್ಳಿಯೊಂದರಲ್ಲಿ. ಹತ್ತನೆಯ ತರಗತಿಯವರೆಗೆ ಕನ್ನಡ ಶಾಲೆ. ಆ ಮೇಲೆ ಐ.ಟಿ.ಐ.ಯಲ್ಲಿ ಶೀತಲೀಕರಣದ ಎರಡು ವರ್ಷದ ತರಬೇತಿ, ಅದು ಮರಾಠಿಯಲ್ಲಿ. ಹಿಂದೆ ಗ್ಯಾಸ್ ತುಂಬಿಸಿದ ವಿಷಯ ಹೇಳಿದಾಗ ಆತ ನಕ್ಕು, "ಇದೇನು ಒಲಿ ಗ್ಯಾಸ್ ಅದ ಏನ್ರಿ ಮಾಸ್ತರ್ರ, ಉರದು ಖಾಲಿ ಆಗಲಿಕ್ಕ?" ಎಂದ.

ಆತನ ಮಾತು ಸರಿ. ಫ್ರಿಜ್ಜಿನ ಗ್ಯಾಸು ಖರ್ಚಾಗುವ ವಸ್ತುವಲ್ಲ. ಮುಚ್ಚಿದ ಕೊಳವೆಯೊಳಗೆ ಅದೇ ಅನಿಲ ವರ್ಷಾನುಗಟ್ಟಲೆ ಸುತ್ತುತ್ತಿರುತ್ತದೆ. ಕಂಪ್ರೆಸರು ಅದನ್ನು ಒತ್ತಿ ಬಿಸಿ ಮಾಡಿ ಕಂಡೆನ್ಸರಿಗೆ ನೂಕುತ್ತದೆ. ಅಲ್ಲಿ ಶಾಖವನ್ನು ಹೊರಗಿನ ಗಾಳಿಗೆ ಬಿಟ್ಟು ಅದು ದ್ರವವಾಗುತ್ತದೆ. ಕೂದಲೆಳೆಯಂಥ ಸಣ್ಣ ಕೊಳವೆಯನ್ನು ದಾಟಿ ಒಳಗಿನ ತಂಪು ಭಾಗಕ್ಕೆ ಬಂದು ಮತ್ತೆ ಆವಿಯಾಗುವಾಗ ಹಾಲು ತರಕಾರಿಗಳ ಶಾಖವನ್ನು ಹೀರುತ್ತದೆ. ಅಂದರೆ ಫ್ರಿಜ್ಜು ತಂಪನ್ನು ಹುಟ್ಟಿಸುವುದಿಲ್ಲ. ಒಳಗಿನ ಶಾಖವನ್ನು ಹೊತ್ತು ಹೊರಗೆ ಹಾಕುತ್ತದೆ. ಗ್ಯಾಸು ಕಡಿಮೆಯಾಗಿದೆ ಎಂದರೆ ಎಲ್ಲೋ ತೂತಿದೆ ಎಂದೇ ಅರ್ಥ. ತೂತು ಹುಡುಕದೆ ಗ್ಯಾಸು ತುಂಬುವುದು ಒಡೆದ ಕೊಡಕ್ಕೆ ನೀರು ಹೊಯ್ದಂತೆ.

ಪರೀಕ್ಷೆ

ಆತ ಮೊದಲು ಉಪಕರಣಗಳ ಚೀಲವನ್ನು ಮುಟ್ಟಲಿಲ್ಲ. ಹತ್ತು ನಿಮಿಷ ಸುಮ್ಮನೆ ಕುಳಿತು ಕಿವಿಗೊಟ್ಟ. ಕಂಪ್ರೆಸರು 'ಗುಂಯ್' ಎಂದು ಕೆಲವು ಸೆಕೆಂಡು ಗೊರಗುಟ್ಟುವುದು, 'ಟಕ್' ಎಂದು ನಿಲ್ಲುವುದು, ಕೆಲವು ನಿಮಿಷ ಬಿಟ್ಟು ಮತ್ತೆ ಅದೇ ಆಟ. ಮೋಟಾರು ಏಳಲು ಹೆಣಗಿ, ಏಳಲಾರದೆ, ಬಿಸಿಯಾಗಿ, ರಕ್ಷಣೆಯ ಓವರ್‌ಲೋಡ್ ಸ್ವಿಚ್ಚು ಅದನ್ನು ನಿಲ್ಲಿಸುತ್ತಿತ್ತು. ಗ್ಯಾಸು ಮಾತ್ರ ಕಡಿಮೆಯಾಗಿದ್ದರೆ ಕಂಪ್ರೆಸರು ನಿಲ್ಲದೆ ಓಡುತ್ತಿತ್ತು, ತಂಪು ಮಾತ್ರ ಆಗುತ್ತಿರಲಿಲ್ಲ. ಓದುಗರು ಈ ವ್ಯತ್ಯಾಸವನ್ನು ನೆನಪಿಡಬೇಕು.

ಎರಡನೆಯದಾಗಿ ವೋಲ್ಟೇಜು. ಸಂಜೆ ಏಳು ಗಂಟೆಗೆ ಮೀಟರು 170 ತೋರಿಸಿತು, ಇರಬೇಕಾದದ್ದು 230. ಊರಿಗೆ ಸಮೀಪದ ಫತಾಟೆವಾಡಿಯಲ್ಲಿ ಎನ್.ಟಿ.ಪಿ.ಸಿ.ಯ 1,320 ಮೆಗಾವಾಟಿನ ಉಷ್ಣವಿದ್ಯುತ್ ಸ್ಥಾವರವಿದೆ. ಆದರೆ ದೀಪದ ಬುಡದ ಕತ್ತಲೆ ಎಂಬಂತೆ, ಮನೆಗೆ ಬರುವ ವೋಲ್ಟೇಜು ಬೀದಿಯ ತಂತಿ, ಟ್ರಾನ್ಸ್‌ಫಾರ್ಮರಿನ ಮೇಲೆ ಬೀಳುವ ಭಾರವನ್ನು ಅವಲಂಬಿಸಿರುತ್ತದೆ. ಇಂಥ ಮೋಟಾರಿನ ತಿರುಗುಬಲ ವೋಲ್ಟೇಜಿನ ವರ್ಗಕ್ಕೆ ಅನುಗುಣವಾದದ್ದು. 230 ಇದ್ದದ್ದು 170ಕ್ಕೆ ಇಳಿದರೆ ಬಲವು ಸುಮಾರು 55 ಶೇಕಡಾಕ್ಕೆ ಇಳಿಯುತ್ತದೆ. ಭಾರ ಮಾತ್ರ ಮೊದಲಿನಷ್ಟೇ.

ಮೂರನೆಯದು ಮಾಡ. ನಾಲ್ವರು ಸೇರಿ ಫ್ರಿಜ್ಜನ್ನು ಹೊರಗೆಳೆದೆವು. ಹಳೆಯ ಫ್ರಿಜ್ಜುಗಳ ಬೆನ್ನಿಗೆ ಕಪ್ಪು ಕಂಬಿಗಳ ಜಾಲರಿ ಇರುತ್ತಿತ್ತು. ಶಾಖ ಅಲ್ಲಿಂದ ಹೋಗುತ್ತದೆಂದು ಎಲ್ಲರಿಗೂ ತಿಳಿದಿತ್ತು. ಈಗಿನ ಅನೇಕ ಫ್ರಿಜ್ಜುಗಳಲ್ಲಿ ಆ ಕೊಳವೆಯನ್ನು ಪಕ್ಕದ ತಗಡಿನ ಒಳಗೇ ಅಂಟಿಸಿರುತ್ತಾರೆ. ಬೆನ್ನು ನುಣ್ಣಗಿದೆ, ಆದ್ದರಿಂದ ಗೋಡೆಗೆ ತಾಗಿಸಬಹುದು ಎಂದು ಬಡಗಿಯೂ ತಿಳಿಯುತ್ತಾನೆ, ನಾವೂ ತಿಳಿಯುತ್ತೇವೆ. ನಿಜಕ್ಕೂ ಪಕ್ಕದ ತಗಡೇ ಶಾಖ ಬಿಡುವ ಜಾಗ. ಪ್ಲೈವುಡ್ಡಿನ ಒಳಮೈ ಮುಟ್ಟಿದರೆ ಕೈ ಸುಡುತ್ತಿತ್ತು. ಮಾಡದಲ್ಲಿಯೇ ಕೂರಲೆಂದು ತಯಾರಾಗುವ ಫ್ರಿಜ್ಜುಗಳು ಬೇರೆ ಇವೆ. ಅವಕ್ಕೆ ಬುಡದಲ್ಲಿ ಗಾಳಿ ಎಳೆದು ಹೊರಬಿಡುವ ಜಾಲಂಧ್ರ ಇರುತ್ತದೆ. ಇದು ಅಂಥದ್ದಲ್ಲ. ಗ್ಯಾಸು ತುಂಬಿದ ಬಳಿಕ ನಾಲ್ಕು ದಿನ ಅದು ಚೆನ್ನಾಗಿ ನಡೆದದ್ದು ಗ್ಯಾಸಿನಿಂದಲ್ಲ, ನಡುಮನೆಯ ಗಾಳಿಯಿಂದ ಎಂಬುದು ಆಗ ನಮಗೆ ಹೊಳೆಯಿತು.

ನಾಲ್ಕನೆಯದಾಗಿ, ಪ್ಲಗ್ಗು ತೆಗೆದು ಕಂಪ್ರೆಸರಿನ ಪಕ್ಕದ ರಿಲೇಯನ್ನು ಬಿಡಿಸಿ ಕಿವಿಯ ಬಳಿ ಅಲುಗಾಡಿಸಿದ. ಒಳಗಿನ ಬಿಲ್ಲೆ ಒಡೆದಿದ್ದರೆ ಗಿಲಗಿಲ ಸದ್ದು ಬರುತ್ತದೆ. ಕೆಲವು ನೂರು ರೂಪಾಯಿಯ ಸಾಮಾನಿನಲ್ಲಿ ಕೆಲಸ ಮುಗಿಯುತ್ತದೆ. ಕಂಪ್ರೆಸರು ಸತ್ತಿದೆ ಎಂದು ತೀರ್ಮಾನಿಸಿದ ಎಷ್ಟೋ ಫ್ರಿಜ್ಜುಗಳಲ್ಲಿ ಸತ್ತಿರುವುದು ಈ ರಿಲೇ ಮಾತ್ರ ಎಂದು ಆತ ಹೇಳಿದ. ಸದ್ದು ಬರಲಿಲ್ಲ. ಆದರೂ ಹೊಸದೊಂದನ್ನು ಸಿಕ್ಕಿಸಿ ನೋಡಿದ. ಮೋಟಾರು ಏಳಲಿಲ್ಲ.

ಕೊನೆಗೆ ಸುರುಳಿಯ ಪರೀಕ್ಷೆ. ಕಂಪ್ರೆಸರಿನ ಮೈಯಲ್ಲಿ ಮೂರು ಕಡ್ಡಿಗಳಿರುತ್ತವೆ: ಒಂದು ಸಾಮಾನ್ಯ, ಒಂದು ಆರಂಭದ್ದು, ಒಂದು ಓಟದ್ದು. ಸಾಮಾನ್ಯಕ್ಕೂ ಉಳಿದೆರಡಕ್ಕೂ ನಡುವಣ ಎರಡು ಅಳತೆಗಳನ್ನು ಕೂಡಿಸಿದರೆ ಮೂರನೆಯ ಅಳತೆಗೆ ಸರಿಹೊಂದಬೇಕು. ಒಂದು 14 ಓಮ್, ಇನ್ನೊಂದು 22 ಆದರೆ ಮೂರನೆಯದು 36. ಯಾವ ಕಡ್ಡಿಗೂ ಹೊರಗಿನ ಕಬ್ಬಿಣದ ಮೈಗೂ ಸಂಬಂಧವೇ ಇರಬಾರದು. ಇಲ್ಲಿ ಲೆಕ್ಕವೂ ತಪ್ಪಿತ್ತು, ಕಡ್ಡಿಗೂ ಮೈಗೂ ಸಂಬಂಧವೂ ಇತ್ತು. ಸುರುಳಿಯ ಹೊದಿಕೆ ಸುಟ್ಟು ಒಳಗಿನ ವಿದ್ಯುತ್ತು ಮೈಗೆ ತಾಗುತ್ತಿತ್ತು.

ಆಗ ಅತ್ತೆಯವರು ಮೆಲ್ಲನೆ ಒಂದು ಮಾತು ಹೇಳಿದರು: "ಎಂಟು ದಿನದಿಂದ ಬಾಗಲ ಹಿಡಿಕಿ ಮುಟ್ಟಿದರ ಕೈ ಜುಂ ಅಂತದ. ವಯಸ್ಸಾತು, ನರದ ತೊಂದರಿ ಇರಬೇಕು ಅಂದ್ಕೊಂಡೆ." ಮಧುಮೇಹದವರಿಗೆ ಕೈಕಾಲು ಜುಮುಗುಟ್ಟುವುದು ಉಂಟು, ಆದ್ದರಿಂದ ಯಾರಿಗೂ ಹೇಳಿರಲಿಲ್ಲ. ಆತ ಓಡಿಹೋಗಿ ಮಾಡದೊಳಗಿನ ಸಾಕೆಟ್ಟು ಬಿಚ್ಚಿ ನೋಡಿದ. ಅರ್ತಿಂಗ್ ತಂತಿಯನ್ನು ಸೇರಿಸಿಯೇ ಇರಲಿಲ್ಲ. ಒದ್ದೆ ಕಾಲಿನಲ್ಲಿ ನಿಂತು ಆ ಹಿಡಿಕೆ ಹಿಡಿದಿದ್ದರೆ ಏನಾಗುತ್ತಿತ್ತು ಎಂಬುದನ್ನು ಬರೆಯಲು ಮನಸ್ಸು ಬರುವುದಿಲ್ಲ. ನನ್ನ ಮಕ್ಕಳೂ ಅದೇ ಬಾಗಿಲನ್ನು ದಿನಕ್ಕೆ ಹತ್ತು ಸಲ ತೆರೆಯುತ್ತಿದ್ದರು.

ಕಂಪ್ರೆಸರ್ ಬದಲಾವಣೆ

"ಕಾರ್ಡ್ ಅದ ಏನ್ರಿ?" ಎಂದು ಆತ ಕೇಳಿದ. ಏಳು ವರ್ಷದ ಹಿಂದೆ ಕೊಂಡ ಫ್ರಿಜ್ಜು. ಹುಡುಕಿದಾಗ ಭಾವನವರ ಹಳೆಯ ಸರ್ಟಿಫಿಕೇಟುಗಳ ನಡುವೆ ಗ್ಯಾರಂಟಿ ಕಾರ್ಡು ಸಿಕ್ಕಿತು. ಇಡೀ ಫ್ರಿಜ್ಜಿಗೆ ಒಂದು ವರ್ಷ, ಕಂಪ್ರೆಸರಿಗೆ ಹತ್ತು ವರ್ಷ ಎಂದು ಸಣ್ಣ ಇಂಗ್ಲಿಷ್ ಅಕ್ಷರದಲ್ಲಿ ಬರೆದಿತ್ತು. ಕೊಂಡ ದಿನ ಯಾರೂ ಅದನ್ನು ಓದಿರಲಿಲ್ಲ, ಗ್ಯಾಸು ತುಂಬಿದವರು ಕೇಳಿರಲೂ ಇಲ್ಲ. ಕಂಪ್ರೆಸರು ಬಿಟ್ಟಿಯಾಗಿ ಸಿಕ್ಕಿತು. ಗ್ಯಾಸು, ಫಿಲ್ಟರು, ಕೂಲಿಗೆ 2,400 ರೂಪಾಯಿ ಆಯಿತು.

ಸಾಮಾನು ಬರಲು ಮೂರು ದಿನ ಹಿಡಿಯಿತು. ಆ ಮೂರು ದಿನ ತೆರೆಯದ ಸೀಸೆಗಳು ನೆರೆಮನೆಯ ಫ್ರಿಜ್ಜಿಗೆ ಹೋದವು. ಡಾಕ್ಟರರನ್ನು ಕೇಳಿ, ಬೆಚ್ಚಗಾಗಿದ್ದ ಹಳೆಯ ಸೀಸೆಯನ್ನು ಎಸೆದು ಹೊಸದೊಂದನ್ನು ತೆರೆದೆವು. ಬಳಕೆಯಲ್ಲಿರುವ ಸೀಸೆಗೆ ಫ್ರಿಜ್ಜೇ ಬೇಕೆಂದಿಲ್ಲ. 30 ಡಿಗ್ರಿ ಮೀರದಿದ್ದರೆ ಸಾಮಾನ್ಯವಾಗಿ ನಾಲ್ಕು ವಾರ ತಾಳುತ್ತದೆ. ಆದರೆ ಮನೆಯೊಳಗೇ 37 ಡಿಗ್ರಿ! ದೊಡ್ಡ ಮಣ್ಣಿನ ಮಡಕೆಯೊಳಗೆ ಸಣ್ಣ ಮಡಕೆಯಿಟ್ಟು, ನಡುವೆ ಮರಳು ತುಂಬಿ ನೀರು ಹನಿಸಿ, ಮೇಲೆ ಒದ್ದೆ ಬಟ್ಟೆ ಹೊದಿಸಿ, ಸೀಸೆಯನ್ನು ಒಣ ಡಬ್ಬಿಯಲ್ಲಿಟ್ಟು ಒಳಗಿಳಿಸಿದೆವು. ಥರ್ಮಾಮೀಟರು 26 ತೋರಿಸಿತು. ಆ ಸೀಮೆಯ ಗಾಳಿ ಒಣಗಿದ್ದು, ನೀರು ಬೇಗ ಆವಿಯಾಗುವುದರಿಂದ ಈ ಉಪಾಯ ಫಲಿಸುತ್ತದೆ. ನಮ್ಮ ಕರಾವಳಿಯ ತೇವದ ಗಾಳಿಯಲ್ಲಿ ಇದನ್ನು ಇಷ್ಟು ನಂಬಬಾರದು.

ಬದಲಾವಣೆಯ ಕೆಲಸ ಅಂಗಳದಲ್ಲಿ ನಡೆಯಿತು. ಹಿಂದಿನ ಫ್ರಿಜ್ಜುಗಳಲ್ಲಿ ಆರ್-12 ಎಂಬ ಅನಿಲವಿತ್ತು. ಅಂಥ ಅನಿಲಗಳು ಆಕಾಶದ ಓಝೋನ್ ಪದರವನ್ನು ತಿನ್ನುತ್ತವೆಂದು 1974ರಲ್ಲಿ ಮೊಲಿನಾ ಮತ್ತು ರೋಲೆಂಡ್ ಎಂಬ ವಿಜ್ಞಾನಿಗಳು ತಿಳಿಸಿದರು. 1987ರ ಮಾಂಟ್ರಿಯಲ್ ಒಪ್ಪಂದದ ಬಳಿಕ ಅದು ಹಂತಹಂತವಾಗಿ ನಿಂತಿತು. ಈ ಫ್ರಿಜ್ಜಿನಲ್ಲಿದ್ದುದು ಆರ್-600ಎ, ಅಂದರೆ ಐಸೋಬ್ಯೂಟೇನ್. ಅಡಿಗೆ ಗ್ಯಾಸಿನ ಬಂಧುವೇ. ಓಝೋನಿಗೆ ಕೇಡಿಲ್ಲ, ಬೆಂಕಿಗೆ ಮಾತ್ರ ಹತ್ತಿಕೊಳ್ಳುತ್ತದೆ. ಆದ್ದರಿಂದ ಹಳೆಯ ಅನಿಲವನ್ನು ಬಯಲಿನಲ್ಲಿ ಪೂರ್ತಿ ತೆಗೆದು, ನೈಟ್ರೋಜನ್ ಹಾಯಿಸಿದ ಮೇಲೆಯೇ ಬೆಸುಗೆಯ ಬೆಂಕಿ ಹಚ್ಚಿದ.

ಕೊಯ್ದ ಕೊಳವೆಯಿಂದ ಬಂದ ಎಣ್ಣೆ ಕಪ್ಪಾಗಿ ಸುಟ್ಟ ವಾಸನೆ ಹೊಡೆಯುತ್ತಿತ್ತು. ಈ ಕೊಳೆ ಉಳಿದರೆ ಹೊಸ ಕಂಪ್ರೆಸರನ್ನೂ ಕೊಲ್ಲುತ್ತದೆ. ಹಾಗಾಗಿ ಕೊಳವೆಗಳನ್ನು ತೊಳೆದು, ತೇವ ಹೀರುವ ಫಿಲ್ಟರನ್ನು ತಪ್ಪದೆ ಬದಲಿಸಿದ. ಹೊಸ ಕಂಪ್ರೆಸರು ಅದೇ ಅನಿಲಕ್ಕೆ ಹೊಂದುವಂಥದ್ದೇ ಎಂದು ಪಟ್ಟಿ ಓದಿ ಖಚಿತಪಡಿಸಿದ. ಬೆಸುಗೆ ಮುಗಿದ ಮೇಲೆ ಸಾಬೂನಿನ ನೊರೆ ಹಚ್ಚಿ ಗುಳ್ಳೆ ಏಳುವುದೇ ಎಂದು ನೋಡಿದ. ಅರ್ಧ ಗಂಟೆಗೂ ಹೆಚ್ಚು ಹೊತ್ತು ಪಂಪಿನಿಂದ ಒಳಗಿನ ಗಾಳಿಯನ್ನೂ ತೇವವನ್ನೂ ಎಳೆದ. ಒಂದು ಹನಿ ತೇವ ಉಳಿದರೂ ಅದು ಸಣ್ಣ ಕೊಳವೆಯ ತುದಿಯಲ್ಲಿ ಮಂಜುಗಟ್ಟಿ ದಾರಿ ಮುಚ್ಚುತ್ತದೆ. ಕಡೆಗೆ ಗ್ಯಾಸನ್ನು ಅಕ್ಕಸಾಲಿಗನಂತೆ ತಕ್ಕಡಿಯಲ್ಲಿ ತೂಗಿ, ಫ್ರಿಜ್ಜಿನ ಪಟ್ಟಿಯಲ್ಲಿ ಬರೆದಷ್ಟೇ ಗ್ರಾಮು ಹಾಕಿದ. ಹಿಂದೆ ಬಂದವರು ತಕ್ಕಡಿಯನ್ನೇ ತಂದಿರಲಿಲ್ಲವೆಂದು ತಂಗಿ ನೆನಪಿಸಿಕೊಂಡಳು.

ಈ ಎಲ್ಲ ಕ್ರಮವೂ ಆತನ ಒಂದು ನೋಟುಪುಸ್ತಕದಲ್ಲಿತ್ತು. ತೆರೆದು ನೋಡಿದರೆ ಅಚ್ಚ ಕನ್ನಡ ಅಕ್ಷರ. ಐ.ಟಿ.ಐ.ಯಲ್ಲಿ ಮರಾಠಿಯಲ್ಲಿ ಕೇಳಿದ್ದನ್ನು ರಾತ್ರಿ ಮನೆಯಲ್ಲಿ ಕನ್ನಡದಲ್ಲಿ ಬರೆದುಕೊಳ್ಳುತ್ತಿದ್ದನಂತೆ. "ಬರದರ ತಲಿಯೊಳಗ ಕೂಡ್ತದ್ರಿ" ಎಂದ. ಕನ್ನಡ ಶಾಲೆಯಲ್ಲಿ ಓದಿದ ಮಕ್ಕಳು ಮುಂದೇನು ಮಾಡಿಯಾರು ಎಂದು ನಮ್ಮ ಊರಿನ ತಂದೆತಾಯಂದಿರು ನನ್ನನ್ನು ಕೇಳುವುದುಂಟು. ಇನ್ನು ಮುಂದೆ ಆ ನೋಟುಪುಸ್ತಕದ ವಿಷಯವನ್ನೂ ಅವರಿಗೆ ಹೇಳಬೇಕೆಂದಿದ್ದೇನೆ.

ಓದುಗರಿಗೆ ಕೆಲವು ಸೂಚನೆ

ಗೋಡೆಯ ಮಾಡದಲ್ಲಿ ಫ್ರಿಜ್ಜು ಇಟ್ಟವರು ಪಕ್ಕ, ಹಿಂದೆ, ಮೇಲೆ ಅಂಗೈ ಅಗಲದಷ್ಟಾದರೂ ಜಾಗ ಬಿಡಿಸಿರಿ. ಕೈಪಿಡಿಯಲ್ಲಿ ಹೆಚ್ಚು ಹೇಳಿದ್ದರೆ ಅಷ್ಟನ್ನೇ ಪಾಲಿಸಿರಿ. ವೋಲ್ಟೇಜು ಇಳಿಯುವ ಊರಾದರೆ ಸ್ಟೆಬಿಲೈಸರ್ ಇರಲಿ. ಮೂರು ಕಡ್ಡಿಯ ಪ್ಲಗ್ಗು, ಸರಿಯಾದ ಅರ್ತಿಂಗ್, ಸೋರಿಕೆಗೆ ಕಡಿದುಹೋಗುವ ಸ್ವಿಚ್ಚು ಇವು ಅಲಂಕಾರವಲ್ಲ. ಮುಟ್ಟಿದರೆ ಜುಂ ಎಂದರೆ ಮೈನ್ ಸ್ವಿಚ್ಚು ತೆಗೆದ ಮೇಲೆಯೇ ಫ್ರಿಜ್ಜಿನ ಹತ್ತಿರ ಹೋಗಿರಿ. ಒಳಗಿನ ಪರೀಕ್ಷೆಯನ್ನು ಬಲ್ಲವರಿಗೇ ಬಿಡಿರಿ. ಗ್ಯಾಸು ಹೋಗಿದೆ ಎಂದವರನ್ನು "ಎಲ್ಲಿಂದ ಹೋಯಿತು?" ಎಂದು ಕೇಳಿರಿ. ಗ್ಯಾರಂಟಿ ಕಾರ್ಡನ್ನು ಕೊಂಡ ದಿನವೇ ಮನೆಯಲ್ಲಿ ಓದಬಲ್ಲವರಿಂದ ಓದಿಸಿ, ಮುಖ್ಯ ತಾರೀಕನ್ನು ಕನ್ನಡದಲ್ಲಿ ಬರೆದು ಅದಕ್ಕೇ ಅಂಟಿಸಿರಿ.

ಮಾಡದ ಪ್ಲೈವುಡ್ಡನ್ನು ಭಾವನವರು ಮರುದಿನವೇ ಕೀಳಿಸಿದರು. ಅಡಿಗೆಮನೆಯ ಅಂದ ಸ್ವಲ್ಪ ಕೆಟ್ಟಿತು. ಫ್ರಿಜ್ಜು ಈಗ ಗೋಡೆಯಿಂದ ದೂರ ನಿಂತು ತಣ್ಣಗೆ ನಡೆಯುತ್ತಿದೆ. ಮೊನ್ನೆ ಫೋನಿನಲ್ಲಿ ಅತ್ತೆಯವರನ್ನು ವಿಚಾರಿಸಿದೆ. ಕೈ ಜುಂ ಎನ್ನುವುದು ನಿಂತಿದೆಯಂತೆ.