‘ಸಾರ್’: ಕೊಂಗುನಾಡಿನ ಕನ್ನಡಿಗರ ಒಂದು ಸಂಬೋಧನೆ

ಇಂಗ್ಲಿಷಿನಲ್ಲಿ ‘ಸರ್’ ಎಂಬ ಪದಕ್ಕೆ ಎರಡು ಬಳಕೆಗಳಿವೆ. ನೈಟ್ ಪದವಿ ಪಡೆದವರ ಹೆಸರಿಗೆ ಮೊದಲು ಬರುವ ಬಿರುದು ಒಂದು. ಹೆಸರಿನ ಹಂಗಿಲ್ಲದೆ ಎದುರಿನ ಗಂಡಸನ್ನು ಗೌರವಿಸುವ ಸಂಬೋಧನೆ ಇನ್ನೊಂದು. ಕೊಯಮತ್ತೂರಿನಲ್ಲಿ ಹುಟ್ಟಿ ಸ್ವತಂತ್ರ ಭಾರತದ ಮೊದಲ ಹಣಕಾಸು ಸಚಿವರಾದ ಆರ್. ಕೆ. ಷಣ್ಮುಖಂ ಚೆಟ್ಟಿಯವರಿಗೆ 1933ರಲ್ಲಿ ದೊರೆತದ್ದು ಮೊದಲನೆಯದು. ಸಂವಿಧಾನದ 18ನೆಯ ವಿಧಿ ಬಿರುದುಗಳನ್ನು ರದ್ದುಪಡಿಸಿತು, ಸಂಬೋಧನೆ ಉಳಿಯಿತು.

ಉಳಿದದ್ದು ದ್ರಾವಿಡ ಭಾಷೆಗಳ ರೀತಿಯಲ್ಲಿ. ಕನ್ನಡ, ತಮಿಳು ಎರಡರಲ್ಲೂ ಸ್ವರ ದೀರ್ಘವಾಗಿ ‘ಸಾರ್’ ಆಯಿತು. ಹೆಸರಿನ ನಂತರ ‘ಅಣ್ಣ’, ‘ಅಯ್ಯ’ಗಳು ಕೂರುವ ಸ್ಥಾನದಲ್ಲಿ ಕುಳಿತಿತು. ‘ರಾಮು ಸಾರ್’ ಎಂಬುದು ಇಂಗ್ಲಿಷಿಗೆ ತಪ್ಪು, ಕನ್ನಡಕ್ಕೆ ಸಹಜ. ಅದು ಕ್ರಿಯಾಪದದಲ್ಲಿ ಬಹುವಚನವನ್ನೂ ಬೇಡುತ್ತದೆ: ‘ಬಾ ಅಣ್ಣ’ ಎನ್ನಬಹುದು, ‘ಬಾ ಸಾರ್’ ತಮಾಷೆಗೆ ಮಾತ್ರ.

ಕೊಯಮತ್ತೂರು, ತಿರುಪ್ಪೂರು ಜಿಲ್ಲೆಗಳ ದೇವಾಂಗ ನೇಕಾರರಿಗೂ ಒಕ್ಕಲಿಗರಿಗೂ ಮನೆಮಾತು ಕನ್ನಡ, ಓದುಬರಹ ತಮಿಳು. ಮನೆಯೊಳಗೆ ಅಣ್ಣ, ಮಾವ. ಶಾಲೆ, ಬ್ಯಾಂಕು, ತಾಲೂಕು ಕಚೇರಿಗಳಲ್ಲಿ ‘ಸಾರ್’. ಎರಡು ಭಾಷೆಗೂ ಸಲ್ಲುವ ಈ ಪದವನ್ನು ಹೊಸಿಲು ದಾಟುವಾಗ ಬದಲಿಸಬೇಕಿಲ್ಲ. 1967ರಲ್ಲಿ ಅಧಿಕಾರಕ್ಕೆ ಬಂದ ಡಿ.ಎಂ.ಕೆ. ಸರ್ಕಾರ ‘ಶ್ರೀ’ಯ ಬದಲು ‘ತಿರು’ವನ್ನು ತಂದಿತಾದರೂ ಅದು ಕಾಗದದ ಮೇಲಿನ ಗೌರವ, ಯಾರನ್ನೂ ‘ತಿರು’ ಎಂದು ಕೂಗಿ ಕರೆಯಲಾಗದು. ಕೊಂಗು ತಮಿಳಿನಲ್ಲಂತೂ ವಿನಯಕ್ಕೆ ಬರವಿಲ್ಲ. ಮಾತಿನ ಕೊನೆಗೆ ‘ಂಗ’ ಸೇರಿಸಿ ‘ಏನುಂಗ’ ಎಂದರೆ ಸಾಕು.

ಹಾಗಿದ್ದೂ ‘ಸಾರ್’ ಬೇಕಾದದ್ದೇಕೆ? ಹಳೆಯ ಸಂಬೋಧನೆಗಳ ಭಾರವನ್ನು ನೆನೆಯಬೇಕು. ಜಮೀನುದಾರ ಗೌಂಡರನ್ನು ದಲಿತ ಕೂಲಿಯವರು ‘ಸಾಮಿ’ ಎನ್ನಬೇಕಿತ್ತು. 1956ರವರೆಗೆ ಕೊಯಮತ್ತೂರು ಜಿಲ್ಲೆಗೇ ಸೇರಿದ್ದ ಕೊಳ್ಳೇಗಾಲದ ಕನ್ನಡದಲ್ಲಿ ‘ಬುದ್ಧಿ’ಗೆ ಅದೇ ಕೆಲಸ. ಈ ಪದಗಳು ಕರೆಯುವವನ ಜಾತಿಯನ್ನೂ ಕರೆಸಿಕೊಳ್ಳುವವನ ಜಾತಿಯನ್ನೂ ಒಟ್ಟಿಗೇ ಸಾರುತ್ತವೆ. ‘ಸಾರ್’ ಅದನ್ನು ಹೇಳದು.

ಆದರೆ ಅದನ್ನು ಸಮಾನತೆಯ ಪದವೆನ್ನುವುದು ಅವಸರದ ಮಾತು. ಅರ್ಜಿ ಹಿಡಿದು ನಿಂತ ನೇಕಾರ ಗುಮಾಸ್ತನಿಗೆ ‘ಸಾರ್’ ಎನ್ನುತ್ತಾನೆ. ಮರಳಿ ಬರುವುದು ಅನೇಕ ವೇಳೆ ಬರಿಯ ‘ಏನಪ್ಪಾ’. ಜಾತಿಯ ಜಾಗದಲ್ಲಿ ಹುದ್ದೆ ಬಂದಿದೆ. ವ್ಯತ್ಯಾಸವಿಷ್ಟೆ: ‘ಸಾಮಿ’ ಒಂದೇ ದಿಕ್ಕಿಗೆ ಹರಿಯುತ್ತಿತ್ತು, ‘ಸಾರ್’ ತಿರುಗಬಲ್ಲದು. ಕೂಲಿಯ ಮಗ ಶಾಲೆಯ ಮೇಷ್ಟರಾದರೆ, ಮಗುವನ್ನು ಸೇರಿಸಲು ಬಂದ ಗೌಂಡರೂ ಅವನನ್ನು ‘ಸಾರ್’ ಎಂದೇ ಕರೆಯಬೇಕಾಗುತ್ತದೆ.